ಅಪ್‌ಡೇಟ್: ಬೂಗಿ ವೂಗಿಯಲ್ಲಿ ಎರಡೂ ಕೈಗಳು ಕೊನೆಗೆ ಹೊಂದಿಕೊಂಡವು

ಬೂಗಿ ವೂಗಿ ಎಂದರೆ ಎಡಗೈ ಒಂದೇ ಲಯವನ್ನು ಬಿಡದೆ ನುಡಿಸುವ ಪಿಯಾನೊ ಶೈಲಿ. ಅದರಲ್ಲಿ ಬಲಗೈ ಸೇರಿಸಿದೊಡನೆ ಎಡಗೈಯ ಲಯ ತಪ್ಪುತ್ತದೆ, ಏನು ಮಾಡಲಿ ಎಂದು ಹದಿನೈದು ದಿನಗಳ ಹಿಂದೆ ಕೇಳಿದ್ದೆ. ಮೊದಲಿನಿಂದಲೇ ಎರಡೂ ಕೈಗಳನ್ನು ನಿಧಾನವಾಗಿ ಒಟ್ಟಿಗೆ ನುಡಿಸಬೇಕೆಂಬ ಸಲಹೆ ನನಗೆ ಫಲಿಸಲಿಲ್ಲ. ಫಲಿಸಿದ್ದು, ಮಾತನಾಡುತ್ತಿದ್ದರೂ ತಪ್ಪದಷ್ಟು ಎಡಗೈಯೊಂದನ್ನೇ ರೂಢಿಸಿಕೊಳ್ಳಬೇಕೆಂಬ ಸಲಹೆ. ಸಿ ಕಾರ್ಡ್ (ಸ್ವರಗುಚ್ಛ) ನಾಲ್ಕು ಬಾರ್ (ನಾಲ್ಕು ಎಣಿಕೆಯ ಒಂದು ಸುತ್ತು), ಎಫ್ ಎರಡು, ಸಿ ಎರಡು, ಜಿ ಒಂದು, ಎಫ್ ಒಂದು, ಮತ್ತೆ ಸಿ ಎರಡು, ಹೀಗೆ 12 ಬಾರ್‌ಗಳನ್ನು ಒಂದೊಂದಕ್ಕೆ ಎಂಟು ಸ್ವರಗಳಂತೆ ನುಡಿಸುತ್ತಾ ಹೋದೆ. ಬಳ್ಳಾರಿಯ ಮಧ್ಯಾಹ್ನದ ಬಿಸಿಲಿನಲ್ಲಿ ಕರೆಂಟು ಹೋಗಿ ಕೀಬೋರ್ಡ್ ಮೂಕವಾದಾಗ ಊಟದ ಮೇಜಿನ ಮೇಲೆಯೇ ಬಡಿದೆ. “ಏನಪ್ಪ, ಹಲಗಿ ಕಲಿಯಾಕ ಹತ್ತೀಯೇನು?” ಎಂದು ಅಜ್ಜಿ ಕೇಳಿದರು.

ಅನಿರೀಕ್ಷಿತವಾಗಿ ತಿಳಿದದ್ದೆಂದರೆ, ಆ ಎಂಟು ಸ್ವರಗಳು ಸಾಮಾನ್ಯವಾಗಿ ಸಮನಾಗಿರುವುದಿಲ್ಲ. ಪ್ರತಿ ಜೋಡಿಯಲ್ಲಿ ಮೊದಲನೆಯದು ದೀರ್ಘ, ಎರಡನೆಯದು ಹ್ರಸ್ವ. ಅದನ್ನು ತಿದ್ದಿಕೊಂಡು, ಬಲಗೈಯಿಂದ ಬಾರ್‌ಗೆ ಒಂದೇ ಸ್ವರ ಸೇರಿಸಿದ ಮೇಲೆ ಎಡಗೈ ತಡವರಿಸಲಿಲ್ಲ.