ಓದುಗರ ಸ್ಪಂದನ: ಭೂಗೋಳ ಓದಿದವಳಿಗೆ ಕೆರೆ, ಮೀನಿನ ಕೆಲಸ ಸಿಗುತ್ತದೆಯೇ?

ಕಳೆದ ಸಂಚಿಕೆಯಲ್ಲಿ ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಬಿ.ಎ. ಕೊನೆಯ ವರ್ಷ, ಭೂಗೋಳ ಅಂದರೆ ಜೀವ. ನೀರು ಮತ್ತು ಮೀನು ಸಾಕಣೆಗೆ ಸಂಬಂಧಿಸಿದ ಕೆಲಸವೇ ಬೇಕೆಂಬ ಆಸೆ. ಆದರೆ ಮನೆಯಲ್ಲಿ ಮೀನು ಮುಟ್ಟುವವರಿಲ್ಲ. ಅಪ್ಪನ ಹೊಲ ಕಾಲುವೆಯ ಕೊನೆಯಲ್ಲಿದೆ, ನೀರು ಬಂದರೆ ಬಂತು. "ಸುಮ್ನೆ ಬಿ.ಇಡಿ. ಮಾಡು" ಎಂದು ಅವ್ವನ ಒತ್ತಾಯ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಮೀನುಗಾರಿಕೆ ಪದವೀಧರ, ರಾಯಚೂರು

ಮೊದಲು ಕಹಿ ಮಾತು ಹೇಳಿಬಿಡುತ್ತೇನೆ. ಮೀನುಗಾರಿಕೆ ಪದವಿ ನಾಲ್ಕು ವರ್ಷದ್ದು. ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈಗ ಬೀದರಿನ ವಿಶ್ವವಿದ್ಯಾಲಯದ ಕೆಳಗಿದೆ. ಅಲ್ಲಿಗೆ ಬಿ.ಎ. ಮುಗಿಸಿ ನೇರವಾಗಿ ಹೋಗುವ ದಾರಿ ಇಲ್ಲ. ಇಲಾಖೆಯ ಅಧಿಕಾರಿ ಹುದ್ದೆಗೂ ಆ ಪದವಿಯನ್ನೇ ಕೇಳುತ್ತಾರೆ.

ಆದರೆ ನೀರಿನ ಕಡೆಯ ಬಾಗಿಲು ನಿಮಗೆ ತೆರೆದೇ ಇದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು 105ರ ಆಸುಪಾಸು. ಉಳಿದ ಜಾಗ ಹೂಳಿನದು. ಆ ಹೂಳು ಯಾವ ಗುಡ್ಡದ ಮಣ್ಣು, ಯಾವ ಹಳ್ಳ ಹೊತ್ತು ತಂತು? ಇದು ಮೀನಿನವರ ಪ್ರಶ್ನೆ ಅಲ್ಲ, ನಿಮ್ಮ ಪ್ರಶ್ನೆ. ಭೂಗೋಳದಲ್ಲೇ ಸ್ನಾತಕೋತ್ತರ ಪದವಿ ಮಾಡಿ. ಜೊತೆಗೆ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿಧಾನ) ಮತ್ತು ಉಪಗ್ರಹ ಚಿತ್ರ ಓದುವುದನ್ನು ಕಲಿಯಿರಿ. ಜಲಾನಯನ ಯೋಜನೆಗಳಿಗೆ ಇವು ಬಲ್ಲವರು ಬೇಕು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಇದೆ, ಅದನ್ನು ಮರೆಯಬೇಡಿ.

ರೈತ, ಮಾನ್ವಿ

ತಂಗಿ, ಹೊಲಕ್ಕೆ ನೀರು ಬರ್ತಿಲ್ಲ ಅಂತ ನೀವೇ ಬರೆದಿದ್ದೀರಿ. ಅಂಥ ಮನೆಗೆ ಮೊದಲು ಬೇಕಾದದ್ದು ತಿಂಗಳ ಸಂಬಳ. ಬಿ.ಇಡಿ. ಮಾಡಿ. ಹೆತ್ತವರ ಮಾತು ಮೀರಬೇಡಿ.

*ಮಾನ್ವಿಯ ಹಿರಿಯರ ಕಳಕಳಿ ನಮಗೆ ಅರ್ಥವಾಗುತ್ತದೆ. ಕಾಲುವೆಯ ಕೊನೆಯಲ್ಲಿ ಬದುಕುವವರ ಮಾತು ಅದು. ಮುಂದಿನ ಪತ್ರ ಉದ್ದವಾಗಿದೆ. ಅದನ್ನು ಮೊಟಕು ಮಾಡಲು ನಮಗೆ ಮನಸ್ಸಾಗಲಿಲ್ಲ.*

ಹೆಸರು ಬೇಡ ಎಂದ ಸೋದರಿ, ಗಂಗಾವತಿ ತಾಲ್ಲೂಕು

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾವು ಅಂಬಿಗರು. ನಮ್ಮಣ್ಣ ಊರ ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿದಿದ್ದ. ಸಾಲ ತಂದು ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದ. ಕೆರೆಯ ಮೇಲುಗಡೆ ಎಲ್ಲ ಭತ್ತದ ಗದ್ದೆ. ಗದ್ದೆಯ ಬಸಿನೀರು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಯೂರಿಯಾ, ಡಿಎಪಿ ಗೊಬ್ಬರ ಎಲ್ಲ ಅದರ ಜೊತೆಗೇ ಬಂತು. ನೀರು ಹಸಿರಾಯಿತು. ಹಸಿರಿದ್ದರೆ ಮೀನಿಗೆ ಮೇವು ಜಾಸ್ತಿ ಅಂತ ಎಲ್ಲರಿಗೂ ಖುಷಿ.

ಆಮೇಲೆ ಮೋಡ ಕವಿಯಿತು. ದಿನಗಟ್ಟಲೆ ಬಿಸಿಲಿಲ್ಲ, ಗಾಳಿಯೂ ಇಲ್ಲ. ಒಂದು ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಣ್ಣ ಎದೆಮಟ್ಟ ನೀರಿಗೆ ಇಳಿದು ಎರಡೂ ಕೈಯಿಂದ ನೀರು ಬಡಿಯುತ್ತಿದ್ದ. ಅವ್ವ ದಂಡೆಯಲ್ಲಿ ನಿಂತು ಕೊಡದಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತಿದ್ದಳು. ದೊಡ್ಡ ಮೀನುಗಳೇ ಮೊದಲು ಸತ್ತವು. ಹೊತ್ತು ಏರುವಷ್ಟರಲ್ಲಿ ದಂಡೆಯುದ್ದಕ್ಕೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಯಾರೋ ವಿಷ ಹಾಕಿದ್ದಾರೆ ಅಂತ ಊರೆಲ್ಲ ಮಾತು. ಅಣ್ಣ ಮೇಲಿನ ಹೊಲದವರ ಜೊತೆ ಹೊಡೆದಾಟಕ್ಕೇ ಇಳಿದ. ವಿಷ ಯಾರೂ ಹಾಕಿರಲಿಲ್ಲ. ಪಾಚಿ ಹಗಲು ಬಿಸಿಲಲ್ಲಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ ಅದನ್ನು ಎಳೆದುಕೊಳ್ಳುತ್ತದೆ. ಬಿಸಿಲಿಲ್ಲದ ದಿನ ಕೊಡುವುದು ಕಡಿಮೆ, ರಾತ್ರಿ ಎಳೆಯುವುದು ಮಾತ್ರ ಅಷ್ಟೇ. ನಸುಕಿಗೆ ಮೀನಿಗೆ ಉಸಿರೇ ಉಳಿಯುವುದಿಲ್ಲ. ಇದನ್ನು ನಮಗೆ ಬಿಡಿಸಿ ಹೇಳುವವರು ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಅಷ್ಟೊತ್ತಿಗೆ ಅಣ್ಣ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಈಗಲೂ ಅಲ್ಲೇ ಇದ್ದಾನೆ. ಹಬ್ಬಕ್ಕೆ ಊರಿಗೆ ಬಂದರೂ ಕೆರೆ ಕಡೆ ಹೋಗುವುದಿಲ್ಲ.

ನೀವು ಕೇಳಿದ್ದು ಕೆಲಸದ ಬಗ್ಗೆ. ನಾನು ಅಣ್ಣನ ಕಥೆ ಬರೆದೆ. ಆದರೆ ನೋಡಿ, ಮರಿ ಕೊಡುವವರು ನಮಗಿದ್ದರು, ಸಾಲ ಕೊಡುವವರೂ ಇದ್ದರು. ಯಾವ ಗದ್ದೆಯ ನೀರು ಯಾವ ಹಳ್ಳ ಹಿಡಿದು ಕೆರೆಗೆ ಬರುತ್ತದೆ ಅಂತ ನಕ್ಷೆ ಹಾಕಿ ತೋರಿಸುವವರು ಒಬ್ಬರೂ ಇರಲಿಲ್ಲ. ಅದನ್ನೇ ನೀವು ಓದಿದ್ದೀರಿ, ಅಲ್ವಾ?

ಓದುಗ, ಕಾರಟಗಿ

ನನ್ನ ಎರಡು ಎಕರೆ ಸವುಳು (ಉಪ್ಪು) ಹಿಡಿದು ಭತ್ತ ಬರ್ತಿಲ್ಲ. ಅಂಥ ಜಾಗದಲ್ಲಿ ಮೀನಿನ ಹೊಂಡ ಮಾಡಬಹುದು ಅಂತಾರೆ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯರಿಗೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟಿದ್ದಾರೆ. ಈ ತಂಗಿ ನೌಕರಿ ಯಾಕೆ ಹುಡುಕಬೇಕು? ಅಪ್ಪನ ಹೊಲದಲ್ಲೇ ಹೊಂಡ ತೋಡಿಸಲಿ.

*ಹೊಂಡಕ್ಕೂ ನೀರು ಬೇಕು. ಕೊನೆಯ ಭಾಗದ ಕಾಲುವೆಯನ್ನು ನಂಬಿ ತೋಡಿಸುವ ಮುನ್ನ ಕಾರಟಗಿಯ ಓದುಗರೂ ಗಂಗಾವತಿಯ ಸೋದರಿಯ ಪತ್ರವನ್ನು ಇನ್ನೊಮ್ಮೆ ಓದಬೇಕೆಂದು ನಮ್ಮ ಮನವಿ.*

ಗೃಹಿಣಿ, ಸಿಂಧನೂರು ಆರ್.ಎಚ್. ಕ್ಯಾಂಪ್ (ಪುನರ್ವಸತಿ ಶಿಬಿರ)

ನಮ್ಮ ಹಿರಿಯರು ಬಂಗಾಳದಿಂದ ಬಂದವರು. ಮೀನಿಲ್ಲದೆ ನಮಗೆ ಊಟ ಸೇರುವುದಿಲ್ಲ. ನೀನು ತಿನ್ನದಿದ್ದರೂ ಪರವಾಗಿಲ್ಲ ಮಗಳೇ, ನಿಮ್ಮವ್ವನನ್ನು ಕರೆದುಕೊಂಡು ಒಮ್ಮೆ ಬಾ. ಹೊಂಡ ತೋರಿಸುತ್ತೇವೆ. ನಿಮ್ಮಿಬ್ಬರಿಗೂ ಬೇರೆ ಒಲೆಯಲ್ಲಿ ಅಡುಗೆ ಮಾಡುತ್ತೇನೆ.

ವಿದ್ಯಾರ್ಥಿ, ಕಂಪ್ಲಿ

ಎಲ್ಲರೂ ಸಾಕುವ ಮೀನಿನ ಬಗ್ಗೆಯೇ ಬರೆಯುತ್ತೀರಿ. ಹೊಳೆಯ ಮೀನಿನ ಗತಿ ಏನು? ಮುದ್ಲಾಪುರದಿಂದ ಕಂಪ್ಲಿವರೆಗೆ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಮೀಸಲು ಮಾಡಿದ್ದಾರೆ. ಮದ್ದು ಸಿಡಿಸಿ ಮೀನು ಹಿಡಿದರೆ ಮರಿ, ಮೊಟ್ಟೆ ಎಲ್ಲ ಹೋಗುತ್ತದೆ, ನೀರುನಾಯಿಗೂ ಕೂಳಿಲ್ಲ. ಅಕ್ಕ, ಈ ಕೆಲಸಕ್ಕೂ ಜನ ಬೇಕು.

*ಸಿಂಧನೂರಿನ ಓದುಗರಿಗೆ: ಈ ವರ್ಷ ಬಿ.ಇಡಿ.ಗೂ ಅರ್ಜಿ ಹಾಕಿ, ಭೂಗೋಳ ಸ್ನಾತಕೋತ್ತರಕ್ಕೂ ಹಾಕಿ. ಫಲಿತಾಂಶ ಬರುವವರೆಗೆ ಸಮಯ ಇದೆ. ಅಷ್ಟರಲ್ಲಿ ಕ್ಯಾಂಪಿಗೆ ಹೋಗಿ ಬನ್ನಿ. ಗಂಗಾವತಿಯ ಸೋದರಿ ತಮ್ಮೂರ ಕೆರೆಯನ್ನು ನಿಮಗೆ ತೋರಿಸಲು ಸಿದ್ಧರಿದ್ದಾರೆ. ವಿಳಾಸವನ್ನು ನಿಮಗೆ ಪ್ರತ್ಯೇಕವಾಗಿ ಕಳಿಸಿದ್ದೇವೆ.*