ಅಪ್‌ಡೇಟ್: ಅಕ್ಕನ ಮಗಳಿಗೆ ಫೀಸ್ ರಿಯಾಯಿತಿ ಸಿಕ್ಕಿತು

ಕಾರವಾರದ ಖಾಸಗಿ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಫೀಸ್ ರಿಯಾಯಿತಿ ಕೇಳಬಹುದಾ ಅಂತ ಇಲ್ಲಿ ಕೇಳಿದ್ದೆ. ಕೊಟ್ಟರು, ಅರ್ಧ ಫೀಸ್ ಮಾಫಿ!

ಭಾವ ಬೈತಖೋಲ ಬಂದರಿನಲ್ಲಿ ಮೀನು ಹಿಡಿಯುವ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಶಾಲೆಯ ಮೊದಲ ಕಂತು ಬರುವುದೂ ಸರಿಯಾಗಿ ಆಗಲೇ. ಇದನ್ನೇ ಅರ್ಜಿಯಲ್ಲಿ ಬರೆಯಿರಿ ಅಂದಿದ್ದಿರಲ್ಲ, ಅದೇ ಕೆಲಸಕ್ಕೆ ಬಂತು. ಜೊತೆಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೊಟ್ಟೆವು. ಉಳಿದರ್ಧ ಆಗಸ್ಟ್ ನಂತರ ಕಟ್ಟಿದರೆ ಸಾಕಂತೆ. (ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟು, ನಮಗೆ ಆಗುತ್ತಿರಲಿಲ್ಲ, ಅದು ಎಲ್‌ಕೆಜಿ, ಒಂದನೇ ಕ್ಲಾಸಿನ ಸೀಟಿಗೆ.)

ಹುಡುಗಿ ಮೊದಲು ಅವಳ ಅಮ್ಮನ ಜೊತೆ ಮೀನು ಮಾರಲು ಕೂತು ಕ್ಲಾಸ್ ತಪ್ಪಿಸುತ್ತಿದ್ದಳು. ಈಗ ಲ್ಯಾಬಿನಲ್ಲಿ ಮೀನಿನ ಹುರುಪೆಯ ಗೆರೆ ನೋಡಿ ಬಂದು, ವಯಸ್ಸು ಎಣಿಸುವುದು ಹೇಗೆ ಅಂತ ಅಪ್ಪನಿಗೇ ಪಾಠ! ಪಿಯುಸಿಗೆ ಸೈನ್ಸ್ ಬೇಕಂತೆ. ವ್ಯಾನ್ ಬಾಡಿಗೆ ಜಾಸ್ತಿಯಾಯಿತು, ಹಾಗಾಗಿ ಸರ್ಕಾರಿ ಬಸ್ಸೇ. ಶಕ್ತಿ ಯೋಜನೆ ಇದೆಯಲ್ಲ, ಟಿಕೆಟ್ ಪುಕ್ಕಟೆ.