ಹಿತ್ತಲಿನ ಶವರ್: ಟ್ಯಾಂಕ್ ತುಂಬಿದ್ದರೆ ನೀರು ಬರುತ್ತದೆ, ಅರ್ಧ ಆದರೆ ನಿಂತುಹೋಗುತ್ತದೆ

ತೋತಾಪುರಿ ತೋಟ (ಶ್ರೀನಿವಾಸಪುರ), ಮೇ 19

ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಮನೆ ಹಿಂದೆಯೇ ಮಾವಿನ ತೋಟ. ಕಾಯಿ ಕೀಳುವ ಕೆಲಸ ಶುರುವಾಗಿದೆ. ಸಂಜೆ ಅಪ್ಪ ತೋಟದಿಂದ ಬಂದರೆ ಕೈ, ಕುತ್ತಿಗೆ ಎಲ್ಲಾ ಸೊನೆ. ತೊಳೆಯದೆ ಬಿಟ್ಟರೆ ಚರ್ಮ ಸುಟ್ಟ ಹಾಗೆ ಆಗುತ್ತದೆ. ಅವರಿಗೆ 70 ದಾಟಿದೆ, ಮಂಡಿ ನೋವು ಬೇರೆ. ಬಗ್ಗಿ ಚೊಂಬಿನಲ್ಲಿ ನೀರು ಹುಯ್ದುಕೊಳ್ಳಲು ಕಷ್ಟ. ನಿಂತೇ ಸ್ನಾನ ಮಾಡಲಿ ಅಂತ ಹಿತ್ತಲಲ್ಲಿ ಒಂದು ಶವರ್ ಹಾಕಿಸಿದೆ.

ತಾರಸಿ ಮೇಲೆ 1000 ಲೀಟರ್ ಟ್ಯಾಂಕ್ ಇದೆ. ಸ್ಟ್ಯಾಂಡ್ ಇಲ್ಲ, ನೆಲದ ಮೇಲೇ ಕೂತಿದೆ. ಅದರ ಬುಡದಿಂದ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪ್ ಹೊರಟು, 3 ಅಡಿ ಪ್ಯಾರಾಪೆಟ್ ಗೋಡೆ ಹತ್ತಿ, ಆ ಕಡೆ ಇಳಿದು, ಪಡುವಣ ಗೋಡೆಗುಂಟ ಬರುತ್ತದೆ. ಗೋಡೆಯಿಂದ ಒಂದು ಅಡಿ ಆಚೆ ಕಲ್ಲು ಕೂಚ ನೆಟ್ಟು ಅದಕ್ಕೆ ಶವರ್ ಕೂರಿಸಿದ್ದೇವೆ. ಒಟ್ಟು 40 ಅಡಿ ಪೈಪ್. ಕೈಗೆ ಸಿಗಲಿ ಅಂತ ಪ್ಯಾರಾಪೆಟ್ ತಲೆ ಮೇಲೆ ಒಂದು ಗೇಟ್ ವಾಲ್ವ್ ಇದೆ. ಶವರ್ 8 ಇಂಚು ಅಗಲದ್ದು, ಮಳೆ ಹಾಗೆ ಬೀಳುವಂಥದ್ದು. ನೆಲದಿಂದ 7 ಅಡಿ ಎತ್ತರ.

ಈಗ ತೊಂದರೆ. ಬೆಳಗ್ಗೆ ತ್ರೀ ಫೇಸ್ ಕರೆಂಟ್ ಬಂದಾಗ ಬೋರ್ ಮೋಟಾರು ಹಾಕಿ ಟ್ಯಾಂಕ್ ತುಂಬಿಸುತ್ತೇವೆ. ಆಗ ಶವರ್ ತಿರುಗಿಸಿದರೆ ನೀರು ಬರುತ್ತದೆ, ಜೋರಿಲ್ಲ. ಸಂಜೆ ಅಪ್ಪ ಬರುವ ಹೊತ್ತಿಗೆ ಟ್ಯಾಂಕ್ ಅರ್ಧ ಆಗಿರುತ್ತದೆ. ಆಗ ನಾಲ್ಕು ಹನಿ ಬಿದ್ದು, ಗುಳುಗುಳು ಅಂದು, ನಿಂತುಹೋಗುತ್ತದೆ. ಅದೇ ಟ್ಯಾಂಕಿನಿಂದ ಅಡುಗೆಮನೆ ನಲ್ಲಿಗೆ ನೀರು ಸರಿಯಾಗೇ ಬರುತ್ತದೆ. ಎಲ್ಲೂ ಸೋರಿಕೆ ಇಲ್ಲ. ಕೆಲಸ ಮಾಡಿದವರು ಎರಡು ಸಲ ಬಂದು ನೋಡಿದರು, ಪ್ರೆಶರ್ ಪಂಪ್ ಹಾಕಿಸಿ ಅಂತಾರೆ. ಹಾಕಿಸಲೇ?

ತೆಂಗಿನ ಗರಿ (ತಿಪಟೂರು), ಮೇ 19

ದುಡ್ಡು ಖರ್ಚು ಮಾಡುವ ಮುಂಚೆ ಶವರ್ ತಲೆ ಬಿಚ್ಚಿ ನೋಡಿ. ಬೋರ್ ನೀರಿನ ಉಪ್ಪು ಆರು ತಿಂಗಳಲ್ಲೇ ತೂತು ಮುಚ್ಚಿಬಿಡುತ್ತದೆ, ನಮ್ಮ ಕಡೆ ಇದು ಮಾಮೂಲಿ. ಬಿಚ್ಚಿದ ಮೇಲೆ ಬರಿ ಪೈಪಿನಲ್ಲಿ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯಿರಿ. ಟ್ಯಾಂಕ್ ತುಂಬಿದಾಗ ಒಂದು ಸಲ, ಅರ್ಧ ಇದ್ದಾಗ ಒಂದು ಸಲ. ಸುಮ್ನೆ ಕಣ್ಣಂದಾಜು ಬೇಡ.

ತೋತಾಪುರಿ ತೋಟ, ಮೇ 20

ನೀವು ಹೇಳಿದ ಹಾಗೇ ಮಾಡಿದೆ ಅಣ್ಣ. ಶವರ್ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟಿತ್ತು, ಅದು ನಿಜ. ಆದರೆ ತಲೆ ಬಿಚ್ಚಿದ ಮೇಲೂ ಕಥೆ ಬದಲಾಗಲಿಲ್ಲ. 15 ಲೀಟರ್ ಬಕೆಟ್ ಇಟ್ಟೆ. ಟ್ಯಾಂಕ್ ತುಂಬಿದ್ದಾಗ 1 ನಿಮಿಷ 25 ಸೆಕೆಂಡ್. ಸಂಜೆ ಅರ್ಧ ಟ್ಯಾಂಕ್ ಇದ್ದಾಗ ಎರಡು ಚೊಂಬಿನಷ್ಟು ಬಂದು ನಿಂತಿತು. ಗೇಟ್ ವಾಲ್ವ್ ಹತ್ತಿರ ಕಿವಿ ಇಟ್ಟರೆ ಸಣ್ಣಗೆ ‘ಸುಯ್’ ಅನ್ನುತ್ತದೆ.

ತೆಂಗಿನ ಗರಿ, ಮೇ 20

ಹಾಗಾದರೆ ಗಾಳಿ ಕಟ್ಟಿದೆ. ಪ್ಯಾರಾಪೆಟ್ ಮೇಲೆ ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಅರ್ಧ ಇಂಚಿನ ಪೈಪನ್ನು ಟ್ಯಾಂಕಿಗಿಂತ ಎತ್ತರಕ್ಕೆ ನಿಲ್ಲಿಸಿ, ಬಾಯಿ ತೆರೆದು ಬಿಡಿ. ಗಾಳಿ ಹೊರಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅದರಿಂದಲೇ ಸರಿಹೋಯಿತು.

ನೀರಗಂಟಿ ಮೊಮ್ಮಗ (ಮುಳಬಾಗಿಲು), ಮೇ 20

ತಿಪಟೂರಿನ ಅಣ್ಣ, ಕ್ಷಮಿಸಿ, ಇಲ್ಲಿ ಮಾತ್ರ ಆ ಗಾಳಿ ಪೈಪ್ ಹಾಕಬೇಡಿ. ಹಾಕಿದರೆ ಈಗ ಬರುತ್ತಿರುವ ಎರಡು ಚೊಂಬೂ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಪೈಪಿನ ಗೂನು, ಅಂದರೆ ಅದು ಹತ್ತಿ ಇಳಿಯುವ ಉಬ್ಬು, ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಗಾಳಿ ಪೈಪ್ ಒಳ್ಳೆಯದೇ. ನಿಮ್ಮ ಮನೆಯಲ್ಲಿ ಹಾಗೇ ಇರಬೇಕು. ಇವರದು ಹಾಗಲ್ಲ. ಟ್ಯಾಂಕ್ ತಾರಸಿ ನೆಲದ ಮೇಲಿದೆ, ಎತ್ತರ ಹೆಚ್ಚೆಂದರೆ 4 ಅಡಿ ಚಿಲ್ಲರೆ. ಪೈಪ್ ಹತ್ತಿ ಇಳಿಯುವ ಗೋಡೆ 3 ಅಡಿ. ಟ್ಯಾಂಕ್ ತುಂಬಿದ್ದಾಗ ನೀರಿನ ಮಟ್ಟ ಗೋಡೆಗಿಂತ ಮೇಲೆ, ಆದ್ದರಿಂದ ತನ್ನ ಭಾರಕ್ಕೇ ಆ ಕಡೆ ದಾಟುತ್ತದೆ. ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಮಟ್ಟ ಗೋಡೆಗಿಂತ ಕೆಳಗೆ ಹೋಯಿತು. ಆಮೇಲೆ ಬರುವುದು ಟ್ಯಾಂಕಿನ ತಳ್ಳುವಿಕೆಯಿಂದಲ್ಲ. ಆಚೆ ಕಡೆ ಇಳಿಯುವ ನೀರು ಈಚೆ ಕಡೆಯದನ್ನು ಎಳೆದುಕೊಳ್ಳುತ್ತದೆ. ಕ್ಯಾನಿನಿಂದ ಡೀಸೆಲ್ ತೆಗೆಯಲು ಟ್ಯೂಬ್ ಹಾಕಿ ಎಳೆಯುತ್ತೀವಲ್ಲ, ಅದೇ ಲೆಕ್ಕ. ಟ್ಯೂಬಿಗೆ ಒಂದು ಸೂಜಿ ತೂತಿದ್ದರೂ ಡೀಸೆಲ್ ನಿಲ್ಲುತ್ತದೆ, ಅಲ್ವಾ?

ನಿಮ್ಮ ಪೈಪಿನ ಸೂಜಿ ತೂತು ಆ ಗೇಟ್ ವಾಲ್ವ್. ಗೂನಿನ ಮೇಲೆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅದಕ್ಕೇ ಅಲ್ಲಿ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆ ‘ಸುಯ್’ ಸದ್ದು ಅದೇ. ಪರೀಕ್ಷೆ ಮಾಡಬೇಕೆಂದರೆ ವಾಲ್ವ್ ಕಡ್ಡಿಯ ಬುಡಕ್ಕೆ ಸೋಪಿನ ನೊರೆ ಹಚ್ಚಿ, ಅರ್ಧ ಟ್ಯಾಂಕ್ ಇದ್ದಾಗ ಶವರ್ ತಿರುಗಿಸಿ. ನೊರೆ ಉಬ್ಬುವುದಿಲ್ಲ, ಒಳಕ್ಕೆ ಇಳಿಯುತ್ತದೆ. ಇದಲ್ಲದೆ ನೀರಿನಲ್ಲೇ ಕರಗಿದ ಗಾಳಿ ಇರುತ್ತದೆ. ಬಿಸಿಲಿಗೆ ಪೈಪ್ ಕಾದಾಗ ಅದೂ ಬಿಟ್ಟುಕೊಂಡು ಗೂನಿನಲ್ಲಿ ಸೇರುತ್ತದೆ. ವಾಲ್ವ್‌ಗೆ ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಬೇಸಿಗೆಯಲ್ಲಿ ಮತ್ತೆ ಇದೇ ಗೋಳು.

ಅಡುಗೆಮನೆ ಪೈಪ್ ಟ್ಯಾಂಕಿನಿಂದ ನೇರ ಕೆಳಗೆ ಇಳಿದಿರುತ್ತದೆ, ಗೂನು ಇಲ್ಲ, ಅದಕ್ಕೆ ಅದು ಸರಿ ಇದೆ.

ನಮ್ಮ ತಾತ ಊರ ಕೆರೆಯ ನೀರಗಂಟಿ ಆಗಿದ್ದರು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವರ ಕೆಲಸ. ಕಾಲುವೆ ಸವರುವಾಗ ಒಂದೇ ಮಾತು ಹೇಳುತ್ತಿದ್ದರು, ನಡುವೆ ಎಲ್ಲೂ ಏರು ಬಿಡಬೇಡಿ ಅಂತ. ಪೈಪ್ ಕೆಲಸಕ್ಕೆ ಹೋದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಪ್ಯಾರಾಪೆಟ್ ಇಟ್ಟಿಗೆಯದಾದರೆ ಅದರ ಬುಡದಲ್ಲಿ, ಟ್ಯಾಂಕಿನ ಹೊರಬಾಯಿಗಿಂತ ಒಂದು ಇಂಚು ಕೆಳಗೆ ತೂತು ಮಾಡಿಸಿ. ಉಳಿ ಸುತ್ತಿಗೆ ಸಾಕು, ಅರ್ಧ ಗಂಟೆ ಕೆಲಸ. ಪೈಪ್ ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಹೋಗಲಿ. ಸುತ್ತ ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟ್ ತುಂಬಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಅಲ್ಲಿಂದ ತೇವ ಇಳಿಯುತ್ತದೆ. ಗೇಟ್ ವಾಲ್ವ್ ತೆಗೆದು ಟ್ಯಾಂಕಿನ ಪಕ್ಕದಲ್ಲೇ ಬಾಲ್ ವಾಲ್ವ್ ಹಾಕಿ.

ಪಂಪ್ ಬೇಡ. ಗೂನು ಹಾಗೇ ಬಿಟ್ಟು ಶವರ್ ಕಡೆ ಪಂಪ್ ಹಾಕಿದರೆ ಅದೂ ಗಾಳಿಯನ್ನೇ ಎಳೆಯುತ್ತದೆ. ಅಪ್ಪ ಒದ್ದೆ ಕೈಯಲ್ಲಿ ನಿಂತಿರುವ ಕಡೆ ಕರೆಂಟ್ ತಂದು ಇಡುವುದೂ ನನಗೆ ಇಷ್ಟವಿಲ್ಲ.

ತೆಂಗಿನ ಗರಿ, ಮೇ 20

ಒಪ್ಪಿದೆ. ನಮ್ಮ ಟ್ಯಾಂಕ್ 6 ಅಡಿ ಸ್ಟ್ಯಾಂಡ್ ಮೇಲಿದೆ, ಆ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ಇವರೂ ಟ್ಯಾಂಕನ್ನೇ ಎತ್ತರಿಸಿದರೆ?

ನೀರಗಂಟಿ ಮೊಮ್ಮಗ, ಮೇ 20

ಎತ್ತರಿಸಿದರೆ ಜೋರೂ ಜಾಸ್ತಿ ಆಗುತ್ತದೆ, ಒಳ್ಳೆಯದೇ. ಆದರೆ ತುಂಬಿದ 1000 ಲೀಟರ್ ಟ್ಯಾಂಕ್ ಎಂದರೆ ಒಂದು ಟನ್. ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆಯೇ ಕಟ್ಟಬೇಕು, ನಡು ತಾರಸಿ ಮೇಲೆ ನಾಲ್ಕು ಬ್ಲಾಕ್ ಜೋಡಿಸಿ ಇಡುವ ಕೆಲಸವಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ತಳ ಪೂರ್ತಿ ಸಮವಾಗಿ ಕೂರಬೇಕು. ಸಂದಿ ಇದ್ದರೆ ತಳ ಬಿರಿಯುತ್ತದೆ. ಮೊದಲು ಗೂನು ತೆಗೆಯಿರಿ.

ಇನ್ನೊಂದು ಮಾತು ಶವರ್ ಬಗ್ಗೆ. ಅಂಥ ಅಗಲದ ಶವರ್‌ಗಳಿಗೆ ಸಾಮಾನ್ಯವಾಗಿ 1 ಬಾರ್ ಹತ್ತಿರ ಒತ್ತಡ ಬೇಕು. 1 ಬಾರ್ ಎಂದರೆ ಸುಮಾರು 33 ಅಡಿ ನೀರಿನ ಎತ್ತರ. ನಿಮ್ಮದು ಒಂದಂತಸ್ತಿನ ಮನೆ ಅಂದುಕೊಂಡರೆ ಶವರ್‌ನಿಂದ ಟ್ಯಾಂಕಿನ ನೀರಿಗೆ 7, 8 ಅಡಿ ಸಿಗುತ್ತದೆ. ಅಂದರೆ ಕಾಲು ಬಾರ್‌ಗಿಂತ ಕಡಿಮೆ. ಆ 8 ಇಂಚಿನದು ಯಾವತ್ತೂ ಮಳೆ ಸುರಿಸುವುದಿಲ್ಲ. 4 ಇಂಚಿನ, ತೂತು ದೊಡ್ಡದಾಗಿರುವ, ರಬ್ಬರ್ ಮೂತಿಯ ಶವರ್ ತನ್ನಿ. ಉಪ್ಪು ಕಟ್ಟಿದರೆ ಬೆರಳಲ್ಲಿ ಉಜ್ಜಿದರೆ ಉದುರುತ್ತದೆ.

ಬಚ್ಚಲ ಬಾಳೆ (ಗೌರಿಬಿದನೂರು), ಮೇ 21

ನಮ್ಮ ಹಿತ್ತಲಲ್ಲಿ 6 ವರ್ಷದಿಂದ ಹೊರಗಿನ ಶವರ್ ಇದೆ. ರೇಷ್ಮೆ ಮನೆ ಕೆಲಸ ಮುಗಿಸಿ ಅಲ್ಲೇ ಸ್ನಾನ ಮಾಡಿ ಒಳಗೆ ಹೋಗುತ್ತೇವೆ. ನೀರು ಬರುವ ವಿಷಯ ಮುಳಬಾಗಿಲಿನ ತಮ್ಮ ಚೆನ್ನಾಗಿ ಹೇಳಿದ್ದಾನೆ. ನನಗೆ ಚಿಂತೆ ಎರಡು, ನೀವು ಯಾರೂ ಕೇಳಿಲ್ಲ.

ಒಂದು, ಬಿಸಿ. ಪೈಪ್ ಪಡುವಣ ಗೋಡೆ ಮೇಲಿದೆ ಅಂದಿರಿ. ಮೇ ತಿಂಗಳ ನಾಲ್ಕು ಗಂಟೆ ಬಿಸಿಲಿಗೆ ಅದರಲ್ಲಿ ನಿಂತ ನೀರು ಕೈ ಸುಡುತ್ತದೆ. ಮೊಮ್ಮಗು ಒಂದು ಸಲ ತಾನೇ ತಿರುಗಿಸಿಕೊಂಡು ಕಿರುಚಿಬಿಟ್ಟಿತು. ಅದೃಷ್ಟಕ್ಕೆ ಬೊಬ್ಬೆ ಬರಲಿಲ್ಲ. ವಯಸ್ಸಾದವರ ಚರ್ಮವೂ ತೆಳು. ಶವರ್ ಕೂಚಕ್ಕೇ ಕೆಳಗೆ, 2 ಅಡಿ ಎತ್ತರದಲ್ಲಿ ಒಂದು ನಲ್ಲಿ ಇಡಿಸಿ. ಮೊದಲು ಅದನ್ನು ಬಿಟ್ಟು ಬಕೆಟ್‌ಗೆ ಹಿಡಿಯಿರಿ. 40 ಅಡಿ ಮುಕ್ಕಾಲು ಇಂಚಿನ ಪೈಪಿನಲ್ಲಿ ನಿಲ್ಲುವುದು ಮೂರೂವರೆ ಲೀಟರ್ ಅಷ್ಟೇ. ಆ ಬಿಸಿನೀರು ಕಾಲು ತೊಳೆಯಲು ಆಗುತ್ತದೆ. ಪೈಪಿಗೆ ಬಿಳಿ ಬಣ್ಣ ಬಳಿಯಿರಿ. ಗೋಡೆಗೆ ಬಳಿಯುವ ನೀರಿನ ಎಮಲ್ಶನ್ ಸಾಕು, ಎಣ್ಣೆ ಬಣ್ಣ ಮತ್ತು ತಿನ್ನರ್ ಸಿಪಿವಿಸಿಗೆ ಒಳ್ಳೆಯದಲ್ಲ. ಬಣ್ಣ ಬಳಿದರೆ ಬಿಸಿಲಿಗೆ ಪೈಪ್ ಪೆಡಸಾಗುವುದೂ ನಿಧಾನವಾಗುತ್ತದೆ.

ಎರಡು, ಬಿದ್ದ ನೀರು ಎಲ್ಲಿ ಹೋಗುತ್ತದೆ? ಕಾಲ ಕೆಳಗೆ ಏನು ಹಾಕಿದ್ದೀರಿ?

ತೋತಾಪುರಿ ತೋಟ, ಮೇ 21

ಅಕ್ಕ, ಮನೆ ಕಟ್ಟುವಾಗ ಮಿಕ್ಕಿದ ಪಾಲಿಶ್ ಗ್ರಾನೈಟ್ ಹಾಕಿದ್ದೇವೆ. ನೀರು ಪಕ್ಕದ ಗುಂಡಿಗೆ ಹೋಗುತ್ತದೆ. ಅದು ಬೋರ್‌ವೆಲ್ ಸುತ್ತ ಮಳೆನೀರು ಇಂಗಲಿ ಅಂತ ತೆಗೆಸಿದ ಗುಂಡಿ, ಶವರ್‌ನಿಂದ 15 ಅಡಿ ದೂರ ಇದೆ.

ಬಚ್ಚಲ ಬಾಳೆ, ಮೇ 21

ಅಯ್ಯೋ, ಅದನ್ನು ಇವತ್ತೇ ನಿಲ್ಲಿಸಿ! ಆ ಗುಂಡಿ ಮಳೆನೀರಿಗೆ ಮಾತ್ರ. ಸೋಪು, ಸೊನೆ, ಮೈಕೊಳೆ ಎಲ್ಲಾ ಬೋರ್‌ವೆಲ್ ಹತ್ತಿರವೇ ಇಂಗಿಸಿದ ಹಾಗಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಸಾವಿರ ಅಡಿ ಕೊರೆಸಿ ಸಿಕ್ಕ ನೀರು ಅದು.

ಬೋರ್‌ನಿಂದ 60 ಅಡಿಯಾದರೂ ದೂರ, ಇಳಿಜಾರಿನ ಕೆಳಗೆ, ಬೇರೆ ಗುಂಡಿ ತೆಗೆಯಿರಿ. 3 ಅಡಿ ಅಗಲ, 3 ಅಡಿ ಆಳ. ಮೊದಲು ಖಾಲಿ ಗುಂಡಿಗೆ ನಾಲ್ಕು ಬಕೆಟ್ ನೀರು ಹುಯ್ದು ನೋಡಿ. ಒಂದೆರಡು ಗಂಟೆಯಲ್ಲಿ ಇಂಗಿದರೆ ಸರಿ. ಇಂಗದೆ ನಿಂತರೆ ಕೆಳಗೆ ಜೇಡಿ ಇದೆ ಅಥವಾ ಬಂಡೆ ಇದೆ ಅಂತ ಅರ್ಥ, ಜಾಗ ಬದಲಾಯಿಸಿ. ಆಮೇಲೆ ದಪ್ಪ ಜಲ್ಲಿ ತುಂಬಿ. ನೀರು ಮೇಲೆ ಕಾಣಬಾರದು, ಕಂಡರೆ ಸೊಳ್ಳೆ ಗ್ಯಾರಂಟಿ. ಸುತ್ತ ಬಾಳೆ ಹಾಕಿ. ನಮ್ಮ ಅಜ್ಜಿ ಕಾಲದ ಬಚ್ಚಲ ನೀರೂ ಬಾಳೆ ಬುಡಕ್ಕೇ ಹೋಗುತ್ತಿತ್ತು.

ಪಾಲಿಶ್ ಕಲ್ಲು ಕಿತ್ತು ಹಾಕಿಸಿ. ಮಂಡಿ ನೋವಿರುವವರು ಸೋಪಿನ ನೀರಲ್ಲಿ ಅದರ ಮೇಲೆ ನಿಲ್ಲುವುದನ್ನು ನೆನೆದರೇ ನನಗೆ ಭಯ. ಕೋಲಾರದಲ್ಲಿ ಕಲ್ಲಿಗೇನು ಬರ, ಒರಟು ಮೈಯ ಚಪ್ಪಡಿ ಸಿಗುತ್ತದೆ. 4 ಅಡಿಗೆ 1 ಇಂಚು ಇಳಿಜಾರು ಕೊಟ್ಟು ಕೂರಿಸಿ. ಕೂಚದ ಪಕ್ಕ ಹಿಡಿದುಕೊಳ್ಳಲು ಒಂದು ಗಟ್ಟಿ ಸ್ಟೀಲ್ ಕಂಬಿ ಇರಲಿ. ವಾರಕ್ಕೊಂದು ಸಲ ಗಟ್ಟಿ ಪೊರಕೆಯಲ್ಲಿ ಉಜ್ಜಿದರೆ ಪಾಚಿ ಹಿಡಿಯುವುದಿಲ್ಲ.

ತೆಂಗಿನ ಗರಿ, ಮೇ 22

ಹಳೆ ಶವರ್ ಎಸೆಯಬೇಡಿ. ವಿನೆಗರ್‌ನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಹಳೆ ಬ್ರಷ್‌ನಲ್ಲಿ ಉಜ್ಜಿ. ನಿಂಬೆರಸವೂ ಆಗುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಮುಟ್ಟಿಸಬೇಡಿ, ಮೇಲಿನ ಹೊಳಪಿನ ಲೇಪ ಕಿತ್ತುಬರುತ್ತದೆ.

ತೋತಾಪುರಿ ತೋಟ, ಜೂನ್ 2

ತಡವಾಯಿತು, ಕಾಯಿ ಮಂಡಿಗೆ ಕಳಿಸುವ ಗಡಿಬಿಡಿ. ಮುಳಬಾಗಿಲಿನ ಅಣ್ಣ ಹೇಳಿದ ನೊರೆ ಪರೀಕ್ಷೆ ಮೊದಲು ಮಾಡಿದೆ. ನೊರೆ ವಾಲ್ವ್ ಕಡ್ಡಿಯ ಬುಡದೊಳಗೆ ಹೋಗಿದ್ದನ್ನು ಕಣ್ಣಾರೆ ನೋಡಿದೆ. ಮಾರನೇ ದಿನವೇ ಊರಿನ ಗಾರೆ ಮೇಸ್ತ್ರಿಯನ್ನು ಕರೆಸಿ ಪ್ಯಾರಾಪೆಟ್ ಬುಡದಲ್ಲಿ ತೂತು ಮಾಡಿಸಿದೆ. ಪೈಪ್ ಈಗ ಟ್ಯಾಂಕಿನಿಂದ ಶವರ್‌ವರೆಗೆ ಇಳಿಯುತ್ತಲೇ ಬರುತ್ತದೆ. ನಾಲ್ಕು ಎಲ್ಬೋ (ಪೈಪ್ ತಿರುಗಿಸುವ ಜೋಡಣೆ) ಉಳಿದವು.

ಅಳತೆ ಹೇಳುತ್ತೇನೆ. ಶವರ್ ಬಿಚ್ಚಿ 15 ಲೀಟರ್ ಬಕೆಟ್: ತುಂಬಿದ ಟ್ಯಾಂಕಿನಲ್ಲಿ 1 ನಿಮಿಷ 5 ಸೆಕೆಂಡ್, ಅರ್ಧ ಟ್ಯಾಂಕಿನಲ್ಲಿ 1 ನಿಮಿಷ 15. 4 ಇಂಚಿನ ಶವರ್ ಹಾಕಿದ ಮೇಲೆ ಅರ್ಧ ಟ್ಯಾಂಕಿನಲ್ಲಿ 1 ನಿಮಿಷ 50. ಟ್ಯಾಂಕಿನಲ್ಲಿ ಒಂದು ಗೇಣು ನೀರಿದ್ದಾಗಲೂ ನಿಲ್ಲಲಿಲ್ಲ.

ಅಕ್ಕ, ಗುಂಡಿಗೆ ಹೋಗುತ್ತಿದ್ದ ನೀರನ್ನು ನಿಮ್ಮ ಮಾತು ಓದಿದ ದಿನವೇ ತಿರುಗಿಸಿದೆ. ಹೊಸ ಗುಂಡಿ 70 ಅಡಿ ದೂರದಲ್ಲಿದೆ. ಎರಡನೇ ಜಾಗದಲ್ಲಿ ನೀರು ಇಂಗಿತು, ಮೊದಲನೆಯದರಲ್ಲಿ ಎರಡೂವರೆ ಅಡಿಗೇ ಬಂಡೆ ಸಿಕ್ಕಿತು. ಒರಟು ಚಪ್ಪಡಿ, ಕಂಬಿ, ಕೆಳಗಿನ ನಲ್ಲಿ ಎಲ್ಲಾ ಆಯಿತು. ಬಣ್ಣ ಮಾತ್ರ ಬಾಕಿ. ನಿನ್ನೆ ಸಂಜೆ ಅಪ್ಪ ಕಂಬಿ ಹಿಡಿದು ನಿಂತು ಇಪ್ಪತ್ತು ನಿಮಿಷ ಸ್ನಾನ ಮಾಡಿದರು. ಬಂದವರೇ, ನಾಳೆ ಕೆಲಸದವರಿಗೂ ಇಲ್ಲೇ ಕೈಕಾಲು ತೊಳೆಯಲು ಹೇಳು, ಅವರಿಗೂ ಸೊನೆ ಸುಡುತ್ತದೆ ಅಂದರು.

ಗುಂಡಿ ಸುತ್ತ ಯಾವ ಬಾಳೆ ಹಾಕಲಿ ಅಕ್ಕ?

ಬಚ್ಚಲ ಬಾಳೆ, ಜೂನ್ 2

ಓದಿ ತುಂಬಾ ಸಂತೋಷ ಆಯ್ತು. ಏಲಕ್ಕಿ ಬಾಳೆ ಹಾಕಿ, ಗುಂಡಿ ಅಂಚಿನಿಂದ 2 ಅಡಿ ಬಿಟ್ಟು, ಮೂರು ಕಂದು ಸಾಕು. ಕೆಲಸದವರೂ ಬಳಸುವುದಾದರೆ ನೀರು ಜಾಸ್ತಿ ಬೀಳುತ್ತದೆ, ಮೊದಲ ವಾರ ಜಲ್ಲಿ ಮೇಲೆ ನೀರು ನಿಲ್ಲುತ್ತಾ ಅಂತ ದಿನಾ ಸಂಜೆ ನೋಡಿ. ನಿಂತರೆ ಪಕ್ಕದಲ್ಲೇ ಇನ್ನೊಂದು ಗುಂಡಿ ತೆಗೆದು ಕಾಲುವೆ ಕೂಡಿಸಿ.